ಕಂಡಕ್ಟರ್ ತಮ್ಮ ಮತ್ತು ಮೂಲೆಮನೆಯ ಮಷಿನ್ನು

ನನ್ನ ತಮ್ಮ ಬಸ್ ಕಂಡಕ್ಟರ್ ಆಗಿದ್ದವನು. ರಿಟೈರ್ ಆಗಿ ಎಷ್ಟೋ ಕಾಲವಾದರೂ ಅವನ ಕಣ್ಣು ಮಾತ್ರ ಇನ್ನೂ ಡ್ಯೂಟಿಯಲ್ಲೇ ಇದೆ. ಮನೆಗೆ ಯಾರೇ ಬರಲಿ, ಮೊದಲು ಅವರ ಕೈ ನೋಡುತ್ತಾನೆ, ಆಮೇಲೆ ಜೇಬು, ಕೊನೆಗೆ ಮುಖ. ಬೀದಿಯವರು ಬೆನ್ನ ಹಿಂದೆ ಅವನನ್ನು 'ಚೆಕಿಂಗ್' ಅನ್ನುತ್ತಾರೆ. ಅದು ಅವನಿಗೂ ಗೊತ್ತು, ಒಳಗೊಳಗೇ ಖುಷಿ. ಮದುವೆಯೂ ಈ ಚೆಕಿಂಗಿನಲ್ಲೇ ಮುರಿದುಬಿತ್ತು. ಹೆಣ್ಣು ನೋಡಲು ಹೋದ ಕಡೆ ಹುಡುಗಿಯ ವಯಸ್ಸಿಗೆ ಸರ್ಟಿಫಿಕೇಟು ಕೇಳಿದ, ಅವರು ಎದ್ದು ಬಾಗಿಲು ತೋರಿಸಿದರು. ಮತ್ತೆ ಯಾರೂ ಮುಂದೆ ಬರಲಿಲ್ಲ. ನಮ್ಮೆಜಮಾನರು ಹೋದ ಮೇಲೆ ನಾನೂ ಅವನ ಜೊತೆಗೇ ಇದ್ದುಬಿಟ್ಟೆ.

ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ಹಿತ್ತಲಲ್ಲಿ ಮೂರು ಸಣ್ಣ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ. ರೋಗ ಬಂದು ಊರೆಲ್ಲ ಬಾಗಿಲು ಹಾಕಿದಾಗ ಎರಡು ಮನೆಯವರು ಗಂಟುಮೂಟೆ ಕಟ್ಟಿ ತಂತಮ್ಮ ಕಡೆಯವರ ಹತ್ತಿರ ಹೋದರು. ಉಳಿದದ್ದು ಮೂಲೆಮನೆಯ ಟೈಲರ್, ಅವನ ಹೆಂಡತಿ. ಅವನು ಹೊಲಿಯುತ್ತಿದ್ದದ್ದು ಸ್ಕೂಲ್ ಮಕ್ಕಳ ಯೂನಿಫಾರ್ಮು. ಸ್ಕೂಲೇ ಇಲ್ಲದ ಮೇಲೆ ಯೂನಿಫಾರ್ಮು ಯಾರಿಗೆ ಬೇಕು?

ಬಾಡಿಗೆ ನಿಂತಿತು. ಟೈಲರ್ ಬಂದು ಗೇಟಿನಾಚೆಯೇ ನಿಂತು, "ಸಾರ್, ಸ್ಕೂಲು ತೆರೆಯೋವರೆಗೂ ಸ್ವಲ್ಪ ಸುಧಾರಿಸ್ಕೊಳ್ಳಿ" ಅಂದ. ತಮ್ಮ ಅವನ ಕೈ ನೋಡಿದ, ಜೇಬು ನೋಡಿದ. ಮುಖಕ್ಕೆ ಮಾಸ್ಕಿತ್ತು. ಅಲ್ಲಿಂದ ಶುರುವಾಯಿತು ಇವನ ತಲೆಬಿಸಿ.

"ಅರ್ಧ ಮುಖ ಮುಚ್ಕೊಂಡೋನನ್ನ ಹೇಗೆ ನಂಬೋದು ಅಕ್ಕಾ?"

"ನೀನೂ ಅರ್ಧ ಮುಚ್ಕೊಂಡೇ ಇದ್ದೀಯಲ್ಲೋ" ಅಂದೆ.

ಬಾಡಿಗೆಗೆ ಪೀಡಿಸಬಾರದು, ಯಾರನ್ನೂ ಮನೆ ಬಿಡಿಸಬಾರದು ಅಂತ ರೇಡಿಯೋದಲ್ಲಿ ಹೇಳುತ್ತಿದ್ದರು. ತಮ್ಮ ಅದನ್ನು ತಲೆಯಾಡಿಸಿಯೇ ಕೇಳಿದ. "ಸರಿಯಾಗೇ ಹೇಳ್ತಿದ್ದಾರೆ. ಬಸ್ಸಲ್ಲಿ ನಿಜವಾಗ್ಲೂ ಕಾಸಿಲ್ಲದೋನನ್ನ ನಾನು ಯಾವತ್ತೂ ಇಳಿಸಿಲ್ಲ. ಕಾಸು ಮಡಿಲಲ್ಲಿಟ್ಕೊಂಡು ನಿದ್ದೆ ಬಂದ ಹಾಗೆ ಕೂತ್ಕೋತಾರಲ್ಲ, ಅವರನ್ನ ಬಿಟ್ಟಿಲ್ಲ. ಇವನು ಯಾವ ಜಾತಿ ಪ್ಯಾಸೆಂಜರ್ರು ಅಂತ ಗೊತ್ತಾಗ್ಬೇಕು."

ಗೊತ್ತಾಗುವುದಕ್ಕೆ ಹೆಚ್ಚು ಕಾಯಬೇಕಾಗಲಿಲ್ಲ. ಒಂದು ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗಿದ್ದೆವು, ಮೂಲೆಮನೆಯಿಂದ ಹೊಲಿಗೆ ಮಷಿನ್ನಿನ ಸದ್ದು. ಗಡಗಡಗಡ ಅಂತ ಒಂದೇ ಸಮನೆ. ತಮ್ಮ ಎದ್ದು ಕೂತ. ಮರುದಿನವೂ ಅದೇ ಸದ್ದು, ಅದರ ಮರುದಿನವೂ.

"ಕೆಲಸ ಇಲ್ಲ ಅಂದನಲ್ಲ? ಇದೇನು ಹಾಗಾದ್ರೆ, ಭಜನೆನಾ?"

ನಾನೂ ಕಿವಿಗೊಟ್ಟೆ. ನಮ್ಮಮ್ಮನೂ ಮಷಿನ್ ತುಳಿದು ನಮ್ಮನ್ನು ಸಾಕಿದವಳು. ಹೊಲಿಗೆ ಅಂದರೆ ಮಧ್ಯೆ ನಿಲ್ಲುತ್ತದೆ, ಬಟ್ಟೆ ತಿರುಗಿಸುತ್ತಾರೆ, ದಾರ ಕತ್ತರಿಸುತ್ತಾರೆ, ಮತ್ತೆ ಹೊರಡುತ್ತದೆ. ಇದು ನಿಲ್ಲುವುದೇ ಇಲ್ಲ.

"ಏನೋ ಭಾರಿ ಉದ್ದದ್ದು ಹೊಲೀತಿರೋ ಹಾಗಿದೆ ಕಣೋ" ಅಂದುಬಿಟ್ಟೆ.

ಅಷ್ಟೇ ಸಾಕಾಯಿತು. "ಬೆಡ್‌ಶೀಟು! ಆಸ್ಪತ್ರೆ ಕಾಂಟ್ರ್ಯಾಕ್ಟು. ಈಗ ಆಸ್ಪತ್ರೆಗೆ ಎಷ್ಟು ಹಾಸಿಗೆ ಬೇಕು, ಯೋಚನೆ ಮಾಡು. ದುಡ್ಡು ಬಾಚ್ತಿದ್ದಾನೆ, ನನ್ನ ಮುಂದೆ ಮಾತ್ರ ಕೈ ಮುಗಿಯೋದು."

ಆವತ್ತಿನಿಂದ ಅವನ ಕುರ್ಚಿ ಗೇಟಿನ ಪಕ್ಕಕ್ಕೆ ಹೋಯಿತು. ಹೊಲಿದದ್ದು ಹೊರಗೆ ಹೋಗಲೇಬೇಕಲ್ಲ, ಹಿಡಿಯುತ್ತೇನೆ ಅಂತ ಹಟ. ಟೈಲರ್ ಹೆಂಡತಿ ಚೀಲ ಹಿಡಿದು ಬಂದರೆ ಸಾಕು, ಎದ್ದು ನಿಲ್ಲುವನು.

"ಏನಮ್ಮಾ ಅದು, ಇಷ್ಟು ದಪ್ಪ?"

"ಈರುಳ್ಳಿ, ಸಾರ್."

"ಈರುಳ್ಳಿನಾ? ಮೆತ್ತಗೆ ಕಾಣುತ್ತೆ."

ಅವಳು ಚೀಲ ಬಿಡಿಸಿ ತೋರಿಸಿದಳು. ಕೊಳೆಯಲು ಶುರುವಾಗಿದ್ದ ಈರುಳ್ಳಿ, ಅಂಗಡಿಯವನು ಬಿಸಾಡುವ ಹಾಗಿದ್ದದ್ದು. ಅದಕ್ಕೇ ಮೆತ್ತಗಿತ್ತು. ನನಗೆ ನಾಚಿಕೆಯಾಗಿ ಒಳಗೆ ಹೋದೆ. ತಮ್ಮ ಮಾತ್ರ, "ಅಡಿಯಲ್ಲಿ ಏನಿತ್ತೋ" ಅಂದ.

ಬೆಡ್‌ಶೀಟು ಹೊರಗೆ ಹೋಗಲಿಲ್ಲ, ಬಟ್ಟೆ ಒಳಗೆ ಬರಲೂ ಇಲ್ಲ. ಸದ್ದು ಮಾತ್ರ ನಿಲ್ಲಲಿಲ್ಲ. ಅದು ನಿಲ್ಲದಷ್ಟೂ ಇವನಿಗೆ ಉರಿ ಹೆಚ್ಚು. ಕೊನೆಗೆ ಒಂದು ಮಧ್ಯಾಹ್ನ ಸದ್ದಾಗಬಾರದೆಂದು ಚಪ್ಪಲಿ ಮೆಟ್ಟದೆ ಎದ್ದು, "ಇವತ್ತು ಕೈಯಾರೆ ಹಿಡೀತೀನಿ. ಸಾಮಾನು ಬೀದಿಗಿಡಿಸ್ತೀನಿ" ಅಂದ.

"ಎಲ್ಲಿಗೆ ಹೋಗ್ತಾರೋ? ಬಸ್ಸೂ ಓಡ್ತಿಲ್ಲ."

"ಬಸ್ಸು ಓಡ್ತಿಲ್ಲ ಅಂತ ನನಗೆ ಹೇಳ್ತೀಯಾ?"

ಹಿಂದೆಯೇ ನಾನೂ ಹೋದೆ. ಸೆಕೆಗೆ ಮೂಲೆಮನೆಯ ಬಾಗಿಲು ತೆರೆದಿತ್ತು, ಪರದೆ ಇಳಿಬಿಟ್ಟಿತ್ತು. ತಮ್ಮ ಒಂದೇ ಏಟಿಗೆ ಪರದೆ ಸರಿಸಿದ.

ಟೈಲರ್ ಮಷಿನ್ ಮುಂದೆ ಕೂತು ತುಳಿಯುತ್ತಿದ್ದ. ಕೈ ಎರಡೂ ಮಡಿಲಲ್ಲಿ. ಸೂಜಿಯ ಕೆಳಗೆ ಬಟ್ಟೆಯಿಲ್ಲ, ಮೇಲೆ ದಾರವಿಲ್ಲ. ಬರೀ ಸೂಜಿ ಮೇಲೆ ಕೆಳಗೆ ಆಡುತ್ತಿತ್ತು. ಹೆಂಡತಿ ಪಕ್ಕದಲ್ಲೇ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದಳು. ಅವಳು ತುಳಿಯುವ ಸರದಿ ಆಗಷ್ಟೇ ಮುಗಿದಿತ್ತಂತೆ.

ತಮ್ಮ ನಂಬಲಿಲ್ಲ. ಮಂಚದ ಕೆಳಗೆ ಬಗ್ಗಿದ, ಮೇಲಿನ ಹಲಗೆ ತಡವಿದ, ಮಷಿನ್ನಿನ ಪುಟ್ಟ ಖಾನೆ ಎಳೆದು ನೋಡಿದ. ಗುಂಡಿಗಳಿದ್ದವು, ಸ್ಕೂಲಿನ ಷರಟಿನವು.

"ಬೆಡ್‌ಶೀಟೆಲ್ಲಿ?"

"ಯಾವ ಬೆಡ್‌ಶೀಟು, ಸಾರ್?"

"ಮತ್ತೆ ಏನಕ್ಕೆ ತುಳೀತಿದ್ದೀಯ?"

ಟೈಲರ್ ತನ್ನ ಹೆಂಡತಿಯ ಮುಖ ನೋಡಿದ. ಅವಳೇ ಹೇಳಿದಳು. "ಸದ್ದು ನಿಂತ್ರೆ ಇವರಿಗೆ ಇನ್ನು ಯಾವ ಕೆಲಸಾನೂ ಸಿಗಲ್ಲ, ಬಾಡಿಗೆ ಬರಲ್ಲ ಅಂತ ನೀವು ಮನೆಯಿಂದ ಎಬ್ಬಿಸ್ತೀರಿ ಅಂತ ಭಯ, ಸಾರ್. ಸದ್ದಿದ್ರೆ, ಏನೋ ದುಡೀತಿದ್ದಾರೆ, ಇವತ್ತಲ್ಲ ನಾಳೆ ಕೊಡ್ತಾರೆ ಅಂತ ಸುಮ್ನಿರ್ತೀರಿ ಅಂದ್ಕೊಂಡ್ವಿ."

ತಮ್ಮ ಎಳೆದಿದ್ದ ಖಾನೆಯನ್ನು ಮೆಲ್ಲಗೆ ಒಳಗೆ ತಳ್ಳಿದ.

"ನನ್ನ ಸರ್ವೀಸಲ್ಲಿ ಇದ್ದೂ ಇಲ್ಲ ಅನ್ನೋರನ್ನ ಬೇಕಾದಷ್ಟು ನೋಡಿದ್ದೀನಿ. ಇಲ್ದೇ ಇದೆ ಅನ್ನೋನನ್ನ ಇವತ್ತೇ ನೋಡಿದ್ದು" ಅಂದ. ಹೊಸಿಲು ದಾಟಿ ತಿರುಗಿ, "ಸ್ಕೂಲು ತೆರೀಲಿ. ಅಲ್ಲೀವರೆಗೂ ಇರಿ. ಆ ಮಷಿನ್ ಮಾತ್ರ ಸುಮ್ಮನೆ ತುಳೀಬೇಡಿ, ನನ್ನ ತಲೆ ಕೆಡುತ್ತೆ" ಅಂದ.

ಮರುದಿನ ಊಟವಾದ ಮೇಲೆ ಹಿತ್ತಲು ಗಪ್ಪೆಂದಿತ್ತು. ತಮ್ಮ ಆ ಕಡೆ ಹೊರಳಿದ, ಈ ಕಡೆ ಹೊರಳಿದ.

"ಸದ್ದೇ ಇಲ್ಲವಲ್ಲ ಅಕ್ಕಾ. ರಾತ್ರೋರಾತ್ರಿ ಜಾಗ ಖಾಲಿ ಮಾಡಿದ್ರಾ?"

"ನೀನೇ ತಾನೆ ನಿಲ್ಲಿಸು ಅಂದದ್ದು?"

ಹೋಗಿ ನೋಡಿ ಬಂದ. ಇದ್ದರು. ಆದರೂ ನೆಮ್ಮದಿಯಿಲ್ಲ. ಪೆಟ್ಟಿಗೆ ತೆಗೆದು ಅಡಿಯಿಂದ ತನ್ನ ಹಳೇ ಖಾಕಿ ಪ್ಯಾಂಟು ಎಳೆದ. ಇನ್ನು ಜನ್ಮದಲ್ಲಿ ಹಾಕುವುದಿಲ್ಲ ಅದನ್ನು. ಮೂಲೆಮನೆಗೆ ಒಯ್ದು, "ಸೊಂಟ ಬಿಗಿಯಾಗಿದೆ. ಬಿಚ್ಚಿ ಹೊಲಿ. ಕೂಲಿ ಬಾಡಿಗೇಲಿ ಮುರ್ಕೋ" ಅಂತ ಕೊಟ್ಟು ಬಂದು ಕುರ್ಚಿಯಲ್ಲಿ ಕೂತ.

ಸ್ವಲ್ಪ ಹೊತ್ತಿಗೆ ಗಡಗಡ ಅಂದಿತು. ನಿಂತಿತು. ಮತ್ತೆ ಅಂದಿತು.

"ನಿಲ್ಲಿಸ್ತಾನಲ್ಲ ಪದೇ ಪದೇ?"

"ಬಟ್ಟೆ ತಿರುಗಿಸ್ತಾನೆ. ಹೊಲಿಗೆ ಅಂದ್ರೆ ಅದೇ ಕಣೋ."

"ಹೂಂ" ಅಂದ. ಕಣ್ಣು ಮುಚ್ಚಿದ. ಇನ್ನೇನು ಗೊರಕೆ ಶುರುವಾಗುತ್ತದೆ ಅಂತ ನಾನು ರೇಡಿಯೋ ಸಣ್ಣ ಮಾಡಿದೆ. ಅಷ್ಟರಲ್ಲಿ ಎದ್ದೇಬಿಟ್ಟ.

"ದಾರ ಹಾಕಿದ್ದಾನೋ ಇಲ್ವೋ, ಒಂದ್ಸಲ ನೋಡ್ಕೊಂಡು ಬರ್ತೀನಿ" ಅಂತ ಚಪ್ಪಲಿ ಮೆಟ್ಟಿ ಹಿತ್ತಲಿಗೆ ಹೊರಟ.