ಕಾರ್ಬುರೇಟರ್ ಅಕ್ಕನ ಕೋಪ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಉದ್ಯಾನದ ಮೂಲೆಯ ತಗಡಿನ ಶೆಡ್ಡಿನಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಮಂಡಿಯೂರಿ ಕೂತು ಬೈಯುತ್ತಿದ್ದಾರೆ. ಎದುರಿಗಿರುವುದು ಹುಲ್ಲು ಕತ್ತರಿಸುವ, ಅಜ್ಜನ ಕಾಲದ ಪುಟ್ಟ ಟ್ರ್ಯಾಕ್ಟರ್. ಒಬ್ಬರೇ ಕೂರುವಷ್ಟು ಸೀಟು, ಮೈತುಂಬ ಹೊಸ ಕೆಂಪು ಬಣ್ಣ. ಸ್ಟಾರ್ಟ್ ಆಗುತ್ತದೆ, ಹುಲ್ಲಿಗೆ ಇಳಿದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೆಮ್ಮಿ ನಿಲ್ಲುತ್ತದೆ. ಒಂದಷ್ಟು ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ.

"ನಾಟಕ ಆಡ್ತಿದೆ ದರಿದ್ರದ್ದು!"

ಊರಿಗೆಲ್ಲ ಇವರು ಕಾರ್ಬುರೇಟರ್ ಅಕ್ಕ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಆ ಮುಷ್ಟಿಗಾತ್ರದ ಭಾಗವನ್ನು ಬಿಚ್ಚಿ ಜೋಡಿಸುವುದರಲ್ಲಿ ಎತ್ತಿದ ಕೈ. ಕೋಪ ಸದಾ ಮೂಗಿನ ತುದಿಯಲ್ಲೇ. ಅದಕ್ಕೆ ಕಾರಣವೂ ಇದೆ. ಅಪ್ಪ ತಮ್ಮ ಗ್ಯಾರೇಜಿನಲ್ಲಿ ಸ್ಪ್ಯಾನರ್ ಕೊಟ್ಟದ್ದು ಅಣ್ಣನ ಕೈಗೆ. ಇವರಿಗೆ ಸಿಕ್ಕಿದ್ದು ಜಿಡ್ಡು ತೊಳೆಯುವ ಕೆಲಸ. ಅಣ್ಣ ಗಿಡಮರಗಳ ಹುಚ್ಚು ಹತ್ತಿಸಿಕೊಂಡು ಹೊರಟುಹೋದರು. ತೊಳೆಯುತ್ತ ತೊಳೆಯುತ್ತ ಎಂಜಿನ್ ಅರಿತವರು ತಂಗಿ.

"ಈಗ್ಲೂ ನನ್ನ ಮುಂದೇನೇ ನಿಂತ್ಕೊಂಡು, 'ಮೆಕ್ಯಾನಿಕ್ ಇಲ್ವೇನಮ್ಮಾ?' ಅಂತಾರೆ. 'ಸತ್ತೋದ, ಏನಾಗ್ಬೇಕಿತ್ತು ಹೇಳಿ' ಅಂತೀನಿ," ಎನ್ನುತ್ತಾರೆ, ನಗದೆ.

ಆ ಅಣ್ಣ ಇದೇ ಉದ್ಯಾನದ ಮಾಲಿ. ಮರದ ಕೊಂಬೆ ಮುರಿದು ಬಿದ್ದು ಅವರ ಮಂಡಿ ಇಲ್ಲೇ ಜಜ್ಜಿಹೋಯಿತು. ಹೆಚ್ಚು ನಡೆಯಲಾರರು, ಕೂತರೆ ಎಲ್ಲರಷ್ಟೇ ದುಡಿಯಬಲ್ಲರು. ಹಾಗಾಗಿ ಈ ಸೀಟೇ ಅವರ ನೌಕರಿ. ಇವತ್ತಿನ ಪರೀಕ್ಷೆಯಲ್ಲೂ ಟ್ರ್ಯಾಕ್ಟರ್ ನಿಂತರೆ ಅದನ್ನು ಹೂಕುಂಡ ಹೊರಿಸಿ ಗೇಟಿನ ಮುಂದೆ ಅಂದಕ್ಕೆ ನಿಲ್ಲಿಸುವುದು, ಮಾಲಿಗೆ ತಳ್ಳಿಕೊಂಡು ಓಡಾಡುವ ಮೆಷಿನ್ ಕೊಡುವುದು ಎಂದು ಸೂಪರಿಂಟೆಂಡೆಂಟ್ ಸಾಹೇಬರು ತೀರ್ಮಾನಿಸಿಬಿಟ್ಟಿದ್ದಾರೆ. ತಳ್ಳಿಕೊಂಡು ನಡೆಯುವುದು ಅಣ್ಣನಿಂದ ಆಗದ ಕೆಲಸ ಎಂದು ಎಲ್ಲರಿಗೂ ಗೊತ್ತು.

ಅಕ್ಕನ ಪಿತ್ತ ನೆತ್ತಿಗೇರುತ್ತದೆ. "ಜೀವ ಇರೋವಾಗ್ಲೇ ಹೂವು ಹಾಕೋಕೆ ಬಂದಿದಾರೆ! ಒಂದು ಕಾಲು ಈ ತೋಟಕ್ಕೇ ಕೊಟ್ಟಿದಾನೆ. ಇನ್ನೊಂದೂ ಬೇಕಂತಾ ಇವ್ರಿಗೆ?"

ಕಾರ್ಬುರೇಟರ್ ಬಿಚ್ಚುವುದು ಇದು ಮೂರನೇ ಸಲ. ಒಳಗೆ ಕಸವಿಲ್ಲ, ಪೆಟ್ರೋಲ್ ಚಿಮ್ಮುವ ಸಣ್ಣ ತೂತು ಸ್ವಚ್ಛವಾಗಿದೆ. ಆದರೆ ಗಾಳಿಯ ಹದ ಹಿಡಿಯುವ ತಿರುಪು ಜಾಗ ಬಿಟ್ಟಿದೆ.

"ಯಾರು ಮುಟ್ಟಿದ್ದು ಇದನ್ನ?"

ಶೆಡ್ಡಿನ ಬಾಗಿಲಲ್ಲಿ ಕೂತ ಅಣ್ಣ ಹೊರಗಿನ ಮರದ ತುದಿ ನೋಡುತ್ತಾರೆ. "ಒಂದೇ ಒಂದು ಸುತ್ತು ಕಣೇ..."

"ಕೈ ಕಡೀತಿತ್ತಾ ನಿಂಗೆ?"

ತಿರುಪು ಸರಿಹೋಗುತ್ತದೆ. ಎಂಜಿನ್ ಗುಡುಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ನಿಲ್ಲುತ್ತದೆ. ರೇಗಿದ ಅಕ್ಕ, ಪೆಟ್ರೋಲಾದರೂ ಇದೆಯೋ ಇಲ್ಲವೋ ನೋಡೋಣವೆಂದು ಟ್ಯಾಂಕಿನ ಮುಚ್ಚಳ ತಿರುಗಿಸುತ್ತಾರೆ. ಸುಸ್ಸೆಂದು ಗಾಳಿ ಒಳನುಗ್ಗುತ್ತದೆ. ಅಕ್ಕ ಮುಚ್ಚಳವನ್ನು ಬೆಳಕಿಗೆ ಹಿಡಿಯುತ್ತಾರೆ. ಮುಚ್ಚಳದ ನೆತ್ತಿಯಲ್ಲಿ ಗಾಳಿಗೆಂದು ಇರುವ ಸೂಜಿಮೊನೆಯಷ್ಟು ತೂತಿಗೆ ಕೆಂಪು ಬಣ್ಣ ಮೆತ್ತಿಕೊಂಡಿದೆ. ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲ್ ಕೆಳಗಿಳಿಯುವುದಿಲ್ಲ; ಒಂದಷ್ಟು ಹೊತ್ತು ಬಿಟ್ಟರೆ ಮುಚ್ಚಳದ ಅಂಚಿನಿಂದ ತುಸು ಗಾಳಿ ನುಸುಳುತ್ತದೆ, ಅಷ್ಟೇ. ಉದ್ಯಾನದ ಅಂದ ಹೆಚ್ಚಲೆಂದು ಬಣ್ಣ ಹೊಡೆಸಿದ ದಿನದಿಂದಲೇ ಈ ರೋಗ.

ಬಣ್ಣ ಹೊಡೆದವನಿಗೂ ಹೊಡೆಸಿದವರಿಗೂ ಸಹಸ್ರನಾಮ ಆಗುತ್ತದೆ. ಆಮೇಲೆ ಸರದಿ ತಮ್ಮದೇ. "ಕಾರ್ಬುರೇಟರ್ ಅಕ್ಕ ಅಂತ ಕರೆಸ್ಕೊಂಡು ಕರೆಸ್ಕೊಂಡು ನಂಗೆ ಬೇರೆ ಏನೂ ಕಣ್ಣಿಗೇ ಬೀಳ್ದಂಗಾಗಿದೆ. ಮೂರು ಸಲ ಅದನ್ನೇ ಬಿಚ್ಚಿದೀನಲ್ಲ, ಬೆಪ್ಪು ನಾನು! ನನ್ನ ದೆಸೆಯಿಂದ ಇವನ ಅನ್ನ ಹೋಗ್ತಿತ್ತು."

ಪಿನ್ನಿನಿಂದ ಬಣ್ಣ ಕೆರೆದು ಮುಚ್ಚಳ ಹಾಕುತ್ತಾರೆ. ಅಷ್ಟರಲ್ಲಿ ಸಾಹೇಬರೂ ಬಂದು ನಿಲ್ಲುತ್ತಾರೆ. ಅಣ್ಣ ಸೀಟಿನಲ್ಲಿ ಕೂತು ಹುಲ್ಲಿಗೆ ಇಳಿಯುತ್ತಾರೆ. ದಿಣ್ಣೆ ಹತ್ತಿ, ಆಚೆ ಇಳಿದು, ಬೇಲಿ ಬಳಸಿಕೊಂಡು ಬರುತ್ತಾರೆ. ಎಂಜಿನ್ ಒಂದು ಸಲವೂ ತಡವರಿಸುವುದಿಲ್ಲ.

"ಸದ್ಯಕ್ಕೆ ಓಡ್ಲಿ ಬಿಡಿ. ಇನ್ನೊಂದ್ಸಲ ನಿಂತ್ರೆ ಮಾತ್ರ..." ಎನ್ನುತ್ತಾರೆ ಸಾಹೇಬರು.

ಅಕ್ಕ ಸರ್ರನೆ ತಿರುಗುತ್ತಾರೆ. ಬೈಗುಳ ಬರುತ್ತದೆಂದು, ಪರೀಕ್ಷೆ ನೋಡಲು ಸೇರಿದ ನಾವೆಲ್ಲ ಕಾಯುತ್ತೇವೆ. ಬೆಳಗಿನಿಂದ ಶೆಡ್ಡು ನಡುಗಿಸಿದ ಆ ದನಿ ಇದ್ದಕ್ಕಿದ್ದಂತೆ ಸಣ್ಣದಾಗುತ್ತದೆ.

"ನಿಂತ್ರೆ ನನ್ನ ಕರೀರಿ ಸಾರ್. ಯಾವ ಹೊತ್ತಾದ್ರೂ ಬರ್ತೀನಿ. ನಮ್ಮಣ್ಣನ್ನ ಆ ಸೀಟಿಂದ ಮಾತ್ರ ಇಳಿಸ್ಬೇಡಿ."