ಮಿಲ್ಲಿನ ಕಂಪ್ಯೂಟರಿಗೆ ಅರೆಬೆಂದ ಲಿನಕ್ಸ್

ನನ್ನ ಅಕ್ಕನ ಗಂಡನಿಗೆ ಮಾನ್ವಿಯಲ್ಲಿ ಅಕ್ಕಿ ಮಿಲ್ಲಿದೆ. ಮಿಲ್ಲಿನ ಆಫೀಸಿನಲ್ಲಿ, ಅವರ ಕುರ್ಚಿಯ ಹಿಂದೆ, ಒಂದು ದೊಡ್ಡ ನೀಲಿ ಪೆಟ್ಟಿಗೆ ಎಷ್ಟೋ ವರ್ಷದಿಂದ ಕೂತಿತ್ತು. ಅದರ ಮೇಲೆ ಚಹಾದ ಫ್ಲಾಸ್ಕು, ಹಳೆಯ ಪಂಚಾಂಗಗಳು, ಅಕ್ಕಿ ಸ್ಯಾಂಪಲ್ಲಿನ ಪೊಟ್ಟಣಗಳು. ಮುಂಭಾಗಕ್ಕೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ. ಪ್ರತಿ ಆಯುಧ ಪೂಜೆಗೆ ಅದನ್ನು ಹೊಸದಾಗಿ ಬಳಿಯುತ್ತಿದ್ದರು. ನಾನು ಅದನ್ನು ಸ್ಟೆಬಿಲೈಸರ್ ಅಂದುಕೊಂಡಿದ್ದೆ. ಒಂದು ದಿನ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುವಾಗ ವಿಭೂತಿಯ ಕೆಳಗೆ ಕಂಪನಿಯ ಗುರುತು ಕಂಡಿತು. ಕೈ ಅಲ್ಲೇ ನಿಂತಿತು. ಚಹಾ ಲೋಟ ತುಂಬಿ ಪಂಚಾಂಗದ ಮೇಲೆ ಹರಿಯಿತು.

ಆ ಗುರುತು ನನಗೆ ಹುಡುಗಿಯಾಗಿದ್ದಾಗಿನಿಂದ ಗೊತ್ತು. ರಾಯಚೂರಿನಲ್ಲಿ ನಾನು ಓದಿದ ಕಾಲೇಜಿನಲ್ಲಿ ಅಂಥದೊಂದು ಯಂತ್ರವಿತ್ತು. ವರ್ಕ್‌ಸ್ಟೇಷನ್ ಎನ್ನುತ್ತಿದ್ದರು. ಮಾಮೂಲಿ ಕಂಪ್ಯೂಟರಿಗಿಂತ ಬಹಳ ಬಲದ್ದು, ಎಂಜಿನಿಯರುಗಳು ನಕ್ಷೆ ಬರೆಯಲಿಕ್ಕೆ ಇಟ್ಟುಕೊಳ್ಳುವಂಥದ್ದು. ಇಡೀ ಕಾಲೇಜಿನಲ್ಲಿ ಎಸಿ ಇದ್ದದ್ದು ಅದರ ಕೋಣೆಗೆ ಮಾತ್ರ, ಪ್ರಿನ್ಸಿಪಾಲರಿಗೂ ಇರಲಿಲ್ಲ. ನಾವು ಚಪ್ಪಲಿ ಬಿಟ್ಟು, ಗಾಜಿನಾಚೆ ಸಾಲಾಗಿ ನಿಂತು, ನೋಡಿ ಬರಬೇಕು. ಮೂರು ವರ್ಷದಲ್ಲಿ ಒಮ್ಮೆಯೂ ನನ್ನ ಬೆರಳು ಅದಕ್ಕೆ ತಾಗಲಿಲ್ಲ. ಈಗ ನಾನು ದೇವದುರ್ಗದ ಒಂದು ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ದಿನಾ ರಾಯಚೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಆ ಗಾಜಿನ ಕೋಣೆ ಮಾತ್ರ ತಲೆಯಿಂದ ಹೋಗಿರಲಿಲ್ಲ.

“ಮಾಮಾ, ಇದು ಎಲ್ಲೀದು?” ಎಂದು ಕೇಳಿದೆ.

“ಯಾವ್ದೋ ಕಾಲೇಜಿನ ಹರಾಜಿನಾಗ ಕುರ್ಚಿ ಹಿಡದಿದ್ದೆ. ಕುರ್ಚಿ ಸಂಗಾಟ ಇದೂ ಬಂತು. ಬ್ಯಾಡ ಅಂದ್ರೂ ಬಿಡಲಿಲ್ಲ.”

“ಚಾಲೂ ಅದ ಏನು?”

“ಗೊತ್ತಿಲ್ಲವ್ವಾ. ನಾ ಚಾಲೂ ಮಾಡಿ ನೋಡಿಲ್ಲ. ಅದಕ್ಕ ನಾ ಏನೂ ಅನ್ನಂಗಿಲ್ಲ, ನನಗ ಅದು ಏನೂ ಅನ್ನಂಗಿಲ್ಲ.”

“ನಾ ಒಯ್ಯಲೇನು?”

ಮಾಮಾ ಪೆಟ್ಟಿಗೆಯ ಮೇಲಿನ ಪೊಟ್ಟಣಗಳನ್ನು ಒಂದೊಂದಾಗಿ ತೆಗೆದಿಟ್ಟರು. “ಒಯ್ಯಿ. ಆದ್ರ ಪೂಜಿ ಆದ ವಸ್ತು. ಯಾರ ಕಾಲಿಗೂ ತಾಗಬಾರ್ದು ನೋಡು.”

ರಾಯಚೂರಿನ ಬಸ್ಸಿನಲ್ಲಿ ಅದನ್ನು ಡ್ರೈವರ್ ಹಿಂದಿನ ಜಾಗದಲ್ಲಿ ಇಟ್ಟುಕೊಂಡು ನಿಂತೆ. ಕಲ್ಲೂರಿನಲ್ಲಿ ಹತ್ತಿದ ಒಬ್ಬ ಅಜ್ಜಿ ಒಮ್ಮೆ ನನ್ನನ್ನು, ಒಮ್ಮೆ ಪೆಟ್ಟಿಗೆಯನ್ನು ನೋಡಿ, ಅದರ ಮೇಲೆ ಕೂತುಬಿಟ್ಟರು. ಕಾಲು ತಾಗಲಿಲ್ಲವೆಂದು ಸಮಾಧಾನ ಮಾಡಿಕೊಂಡೆ. ರಾಯಚೂರಿನಲ್ಲಿ ಇಳಿಯುವಾಗ ಅಜ್ಜಿ, “ಗಟ್ಟಿ ಅದ ನೋಡವ್ವಾ, ಒಂದೀಟೂ ಅಳ್ಳಾಡಲಿಲ್ಲ” ಎಂದರು. ಆ ಯಂತ್ರಕ್ಕೆ ನನ್ನ ಕಾಲದಲ್ಲಿ ಸಿಕ್ಕ ಮೊದಲ ಸರ್ಟಿಫಿಕೇಟು ಅದು.

ಟಿವಿ ರಿಪೇರಿಯವರೊಬ್ಬರು ಪವರ್ ಸಪ್ಲೈಯಲ್ಲಿ ಉಬ್ಬಿಕೊಂಡಿದ್ದ ಕೆಪ್ಯಾಸಿಟರ್‌ಗಳನ್ನು ಬದಲಿಸಿಕೊಟ್ಟರು. ಸ್ವಿಚ್ ಒತ್ತಿದರೆ ಫ್ಯಾನು ತಿರುಗಿತು. ಆದರೆ ಡಿಸ್ಕು ಸತ್ತಿತ್ತು, ಅದರೊಳಗಿದ್ದ ಹಳೆಯ ಆಪರೇಟಿಂಗ್ ಸಿಸ್ಟಮ್ಮೂ ಅದರ ಜೊತೆಗೇ ಹೋಗಿತ್ತು. ಹುಡುಕುತ್ತ ಹೋದಾಗ ಇಂಟರ್ನೆಟ್ಟಿನ ಒಂದು ಮೂಲೆಯಲ್ಲಿ ಉತ್ತರದ ಯಾವುದೋ ಚಳಿದೇಶದ ಒಬ್ಬಾತ ಸಿಕ್ಕ. ವೃತ್ತಿಯಿಂದ ಕನ್ನಡಕ ಮಾರುವವನು. ಬಿಡುವಿನಲ್ಲಿ ಇದೇ ಬಗೆಯ ಯಂತ್ರಕ್ಕೆ ಲಿನಕ್ಸನ್ನು ಒಗ್ಗಿಸುತ್ತಿದ್ದ. ಲಿನಕ್ಸ್ ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ತಿದ್ದಬಹುದಾದ ಆಪರೇಟಿಂಗ್ ಸಿಸ್ಟಮ್. ಆದರೆ ಪ್ರತಿ ಹೊಸ ಜಾತಿಯ ಯಂತ್ರಕ್ಕೂ ಯಾರಾದರೂ ಕೂತು ಅದನ್ನು ಹೊಂದಿಸಬೇಕು. ಕನ್ನಡಕದವನ ಕೆಲಸ ಇನ್ನೂ ಅರ್ಧಕ್ಕೆ ಬಂದಿರಲಿಲ್ಲ. ಅದನ್ನು ಅವನೇ ಸೂಚನೆಯ ಕಡತದಲ್ಲಿ ಪ್ರಾಮಾಣಿಕವಾಗಿ ಬರೆದಿದ್ದ. ಪರದೆ: ಇಲ್ಲ. ಧ್ವನಿ: ಇಲ್ಲ. ಕೀಬೋರ್ಡ್: ಕೆಲವೊಮ್ಮೆ. ಯಂತ್ರ ನಿಲ್ಲಿಸುವುದು: ಪ್ಲಗ್ ಕಿತ್ತು. ಕೋಣೆಯ ಉಷ್ಣತೆ ಇಪ್ಪತ್ತೈದು ಡಿಗ್ರಿ ದಾಟಬಾರದು.

ನಮ್ಮ ಮನೆಯಲ್ಲಿ ಇಪ್ಪತ್ತೈದು ಡಿಗ್ರಿ ದಾಟದ ಜಾಗವೆಂದರೆ ಫ್ರಿಜ್ಜು. ಈ ಒಂದು ಸೂಚನೆಯನ್ನು ಓದಿಲ್ಲವೆಂದುಕೊಂಡೆ.

ಪರದೆಯಿಲ್ಲದ ಯಂತ್ರ ಮಾತಾಡಬೇಕೆಂದರೆ ಅದರ ಬೆನ್ನಿಗೆ ಸೀರಿಯಲ್ ಕೇಬಲ್ ಹಾಕಿ ನನ್ನ ಲ್ಯಾಪ್‌ಟಾಪಿಗೆ ಜೋಡಿಸಬೇಕು. ಆ ಹಳೆಯ ಕೇಬಲ್ಲು ರಾಯಚೂರಿನ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಒಬ್ಬರು ಮೊಬೈಲ್ ಚಾರ್ಜರ್ ತೋರಿಸಿದರು. ಕೊನೆಗೆ ಅದು ಕಂಡದ್ದು ದೇವದುರ್ಗದಲ್ಲಿ, ಹತ್ತಿಯ ಲಾರಿ ತೂಗುವ ಕಾಟಾದಲ್ಲಿ. ತೂಕದ ಡಬ್ಬಿಯಿಂದ ಕಂಪ್ಯೂಟರಿಗೆ ಅಂಥದೇ ಕೇಬಲ್ಲು ಹೋಗಿತ್ತು. ಕಾಟಾ ನಡೆಸುವವರು ನನ್ನ ವಿದ್ಯಾರ್ಥಿನಿಯೊಬ್ಬಳ ಅಪ್ಪ. ಭಾನುವಾರ ಒಂದು ದಿನಕ್ಕೆ ಕೊಡುತ್ತೀರಾ ಎಂದು ಕೇಳಿದೆ.

“ಕೊಡ್ತೀನ್ರಿ ಮೇಡಂ. ಆದ್ರ ಅದನ್ನ ಒಂದನ್ನ ಕಳ್ಸಂಗಿಲ್ಲ. ಸೋಮವಾರ ಮುಂಜಾನಿ ಲಾರಿ ನಿಂತಿರ್ತಾವ. ಅದರ ಸಂಗಾಟ ನಾನೂ ಬರ್ತೀನಿ.”

ಹೇಳಿದಂತೆ ಭಾನುವಾರ ಬೆಳಗ್ಗೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೇಬಲ್ಲನ್ನು ಊಟದ ಡಬ್ಬಿಯ ಚೀಲದಲ್ಲಿ ಸುತ್ತಿಕೊಂಡು ರಾಯಚೂರಿನ ನಮ್ಮ ಮನೆಗೆ ಬಂದರು. ನನ್ನ ಅತ್ತೆ ಅವರಿಗೆ ಮಂಡಕ್ಕಿಯ ಸುಸಲಾ ಕೊಟ್ಟರು. ಯಾರೋ ರಿಪೇರಿಯವರೆಂದು ತಿಳಿದು ಮಿಕ್ಸಿಯನ್ನೂ ಮುಂದಿಟ್ಟರು. ಅವರು ಮಿಕ್ಸಿಯ ತಳ ಬಿಚ್ಚಿ ಸರಿಮಾಡಿ, ಆಮೇಲೆ ನನ್ನ ಕಡೆ ತಿರುಗಿದರು.

ಕೇಬಲ್ ಜೋಡಿಸಿ ಸ್ವಿಚ್ ಒತ್ತಿ, ಲ್ಯಾಪ್‌ಟಾಪಿನಿಂದ ಇನ್ನೊಂದು ತಂತಿಯ ಮೂಲಕ ಲಿನಕ್ಸನ್ನು ಯಂತ್ರದೊಳಗೆ ಕಳಿಸಿದೆ. ಲ್ಯಾಪ್‌ಟಾಪಿನಲ್ಲಿ ಪ್ರಶ್ನೆ ಚಿಹ್ನೆ, ಚೌಕಳಿ, ಕೊಂಬು ಮೂಡಿದ ಅಕ್ಷರ ಸುರಿಯತೊಡಗಿದವು. ಕನ್ನಡಕದವನ ಲಿನಕ್ಸೇ ಹಾಳಾಗಿರಬೇಕೆಂದು ಒಂದು ತಾಸು ಅವನ ಟಿಪ್ಪಣಿಗಳನ್ನು ಓದಿದೆ. ಇಪ್ಪತ್ತು ವರ್ಷ ಪಾಠ ಹೇಳಿದವಳ ಗಾಂಭೀರ್ಯದಿಂದ, “ಇದು ಕರ್ನಲ್ಲಿನ, ಅಂದ್ರ ಲಿನಕ್ಸಿನ ತಿರುಳಿನ ತೊಂದ್ರಿ ಕಾಣ್ತದ” ಎಂದೂ ಹೇಳಿದೆ.

ಅವರು ಕೆಮ್ಮಿದರು. “ಮೇಡಂ, ತಪ್ಪು ತಿಳೀಬ್ಯಾಡ್ರಿ. ಸ್ಪೀಡ್ ಹೊಂದವಲ್ದು. ನಮ್ಮ ಕಾಟಾದಾಗೂ ಹಿಂಗ ಬರ್ತದ. ಒಂಬತ್ತು ಸಾವಿರದ ಆರ್ನೂರು ಇಟ್ಟು ನೋಡ್ರಿ. ಹಳೇ ಮಷೀನ್ ಎಲ್ಲಾ ಅದಕ್ಕ ಬಗ್ತಾವ.”

ಇಟ್ಟೆ. ಅಚ್ಚುಕಟ್ಟಾದ ಇಂಗ್ಲಿಷು ಬಂತು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು. ಲ್ಯಾಪ್‌ಟಾಪಿನಿಂದ ಇನ್ನೊಂದು ತಂತಿಯ ಮೂಲಕ ಲಿನಕ್ಸನ್ನು ಯಂತ್ರದೊಳಗೆ ಕಳಿಸಿದೆ. ಸಾಲಿನ ಮೇಲೆ ಸಾಲು ಓಡಿತು. ಯಂತ್ರ ತನ್ನ ಪ್ರೊಸೆಸರನ್ನು ಗುರುತಿಸಿತು, ಮೆಮೊರಿಯನ್ನು ಎಣಿಸಿತು, ಆಮೇಲೆ ಗಕ್ಕನೆ ನಿಂತಿತು. ಕೊನೆಯ ಸಾಲಿನಲ್ಲಿ ಕರ್ನಲ್ ಪ್ಯಾನಿಕ್ ಎಂದಿತ್ತು.

“ಏನಂತದ್ರಿ?” ಎಂದು ಕಾಟಾದವರು ಕೇಳಿದರು.

“ಗಾಬರಿ ಆಗ್ಯಾದಂತ.”

“ಯಾರಿಗಿ?”

“ಅದಕ್ಕ.”

ಅವರು ಯಂತ್ರದ ಕಡೆ ಮರುಕದಿಂದ ನೋಡಿದರು. “ಆಗ್ತದ್ರಿ. ಇಷ್ಟ ವರ್ಷ ಮ್ಯಾಲ ಎಬ್ಬಿಸಿದ್ರ ಯಾರಿಗರ ಆಗ್ತದ.”

ಅವತ್ತು ಕೇಬಲ್ಲು ಅವರೊಡನೆ ಮರಳಿ ದೇವದುರ್ಗಕ್ಕೆ ಹೋಯಿತು. ನಾನು ಲ್ಯಾಪ್‌ಟಾಪಿನಲ್ಲಿ ಬಂದದ್ದನ್ನೆಲ್ಲ ಕನ್ನಡಕದವನಿಗೆ ಬರೆದು ಕಳಿಸಿದೆ. ಉತ್ತರ ಮರುದಿನವೇ ಬಂತು. ತನ್ನ ಲಿನಕ್ಸನ್ನು ಪ್ರಯತ್ನಿಸಿದವರಲ್ಲಿ ನೀನು ಜಗತ್ತಿಗೇ ಎರಡನೆಯವಳು ಎಂದಿದ್ದ. ಮೊದಲನೆಯವರು ಯಾರು ಎಂದು ಕೇಳಿದೆ. ತಾನೇ ಎಂದ. ನಾನು ಕಳಿಸಿದ್ದನ್ನು ಓದಿ ಅವನು ಕಂಡುಕೊಂಡದ್ದಿಷ್ಟು: ಅವನ ಯಂತ್ರದಲ್ಲಿ ಮೆಮೊರಿ ಕಡಿಮೆ, ನನ್ನದರಲ್ಲಿ ಅದರ ಎರಡರಷ್ಟಿತ್ತು. ಅಷ್ಟೊಂದು ಮೆಮೊರಿ ಯಾರ ಬಳಿಯಾದರೂ ಇರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ಸದ್ಯಕ್ಕೆ ಅರ್ಧ ಕಿತ್ತಿಡು ಎಂದು ಬರೆದ.

ಮುಂದಿನ ಭಾನುವಾರ ಕೇಬಲ್ಲೂ ಕಾಟಾದವರೂ ಮತ್ತೆ ಬಂದರು. ಮೆಮೊರಿಯ ಪಟ್ಟಿಗಳಲ್ಲಿ ಅರ್ಧ ಕಿತ್ತು ಅಕ್ಕಿ ಡಬ್ಬಿಯ ಮುಚ್ಚಳದಲ್ಲಿ ಇಟ್ಟೆ. ಸ್ವಿಚ್ ಒತ್ತಿದೆ. ಸಾಲುಗಳು ಓಡಿದವು, ಕಳೆದ ಸಲ ಗಾಬರಿಯಾದ ಜಾಗವನ್ನು ದಾಟಿದವು, ಕೊನೆಗೆ ಲಾಗಿನ್ ಎಂಬ ಒಂದು ಶಬ್ದ ಬಂದು ಅದರ ಪಕ್ಕದಲ್ಲಿ ಸಣ್ಣ ಗೆರೆ ಮಿಟುಕಿತು. ನಾನು ಎದ್ದು ಹೋಗಿ ಯಂತ್ರದ ತಲೆಯ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು. ಗಾಜಿನ ಕೋಣೆಯ ಮುಂದೆ ನಿಂತ ಹುಡುಗಿಗೆ ಆಗ ಅಳು ಬಂದಂತಾಯಿತು. ಕಾಟಾದವರು ಅದನ್ನು ನೋಡಿ, ಮುಖ ಆ ಕಡೆ ತಿರುಗಿಸಿ, ಮಿಕ್ಸಿ ಈಗ ಹೇಗೆ ನಡೆಯುತ್ತಿದೆಯೆಂದು ಅತ್ತೆಯನ್ನು ವಿಚಾರಿಸಿದರು.

ಲಿನಕ್ಸಿಗೆ ಫ್ಯಾನಿನ ವೇಗ ತಗ್ಗಿಸುವುದು ಇನ್ನೂ ಗೊತ್ತಿರಲಿಲ್ಲ. ಯಂತ್ರ ಚಾಲೂ ಇದ್ದಷ್ಟು ಹೊತ್ತೂ ಫ್ಯಾನು ಪೂರ್ತಿ ವೇಗದಲ್ಲಿ ತಿರುಗಿ ಬೆನ್ನಿನಿಂದ ಬಿಸಿಗಾಳಿ ಬಿಡುತ್ತಿತ್ತು. ಅದೇ ವಾರ ಮಳೆ ಹಿಡಿದಿತ್ತು, ಬಟ್ಟೆ ಒಣಗುತ್ತಿರಲಿಲ್ಲ. ಅತ್ತೆ ಬಂದು ಕೇಳಿದರು.

“ಇದು ಏನ್ ಮಾಡ್ತದ ಬೇ?”

“ಸದ್ಯಕ್ಕ ಏನೂ ಮಾಡಂಗಿಲ್ಲ ಅತ್ತಿ.”

“ಹಂಗಾರ ಇದನ್ನರ ಮಾಡ್ಲಿ” ಎಂದು ಒಂದು ಕುರ್ಚಿಯನ್ನು ಯಂತ್ರದ ಹಿಂದೆ ಎಳೆದು ಅದರ ಮೇಲೆ ನನ್ನ ಗಂಡನ ಬನಿಯನ್ನುಗಳನ್ನು ಹರಡಿದರು. ಒಂದು ತಾಸಿಗೆ ಒಣಗಿದವು. ಅಂದಿನಿಂದ ಮನೆಯಲ್ಲಿ ನನ್ನ ಪ್ರಯೋಗಕ್ಕೆ ಯಾರೂ ಎದುರಾಡಲಿಲ್ಲ. ಕರೆಂಟ್ ಇದ್ದಾಗಲೆಲ್ಲ, “ಒಂದೀಟು ಲಿನಕ್ಸ್ ಹಚ್ಚು, ಟವಲ್ ಹಸಿ ಅದಾವ” ಎನ್ನುವುದು ಮಾಮೂಲಾಯಿತು.

ಮೂರನೆಯ ಭಾನುವಾರ ಮಾಮಾ ಮಾನ್ವಿಯಿಂದ ನೋಡಲಿಕ್ಕೆ ಬಂದರು. ಅಷ್ಟರಲ್ಲಿ ಕಾಟಾದವರು ನನಗೊಂದು ಪ್ರತ್ಯೇಕ ಕೇಬಲ್ಲನ್ನೇ ಬೆಸೆದು ಕೊಟ್ಟಿದ್ದರು. ಆದರೂ ಅಭ್ಯಾಸಬಲದಿಂದ ಅವರೂ ಬಂದಿದ್ದರು. ನಾನು ಯಂತ್ರ ಚಾಲೂ ಮಾಡಿದೆ. ಅದಕ್ಕೆಂದು ನಾನು ಜೋಡಿಸಿದ್ದ ಹಳೆಯ ಮಾನಿಟರು, ಅದರ ಸ್ವಂತ ಪರದೆ, ಕಪ್ಪಗೇ ಇತ್ತು. ಬರುವುದೆಲ್ಲ ನನ್ನ ಲ್ಯಾಪ್‌ಟಾಪಿನಲ್ಲಿ ಬರುತ್ತಿತ್ತು. ಮಾಮಾ ಕೈಕಟ್ಟಿ ಬಹಳ ಹೊತ್ತು ನೋಡಿದರು. ಒಮ್ಮೆ ದೊಡ್ಡದನ್ನು, ಒಮ್ಮೆ ಸಣ್ಣದನ್ನು.

“ಕೆಲ್ಸ ಎಲ್ಲಾ ಈ ಸಣ್ಣದೇ ಮಾಡಾಕತ್ತದ” ಎಂದರು. “ದೊಡ್ಡದು ಬರೇ ಸಪ್ಪಳ ಮಾಡ್ತದ.”

“ಇಲ್ಲ ಮಾಮಾ, ವಿಚಾರ ಮಾಡಾಕತ್ತದ್ದು ದೊಡ್ಡದು. ಸಣ್ಣದು ಅದು ಹೇಳಿದ್ದು ತೋರಸ್ತದ ಅಷ್ಟ.”

“ಹಂಗಂತ ದೊಡ್ಡದು ಹೇಳ್ತದೇನು? ನಮ್ಮ ಮಿಲ್ನಾಗೂ ಹಿಂತಾವ್ರು ಇಬ್ರು ಅದಾರ.”

ಕಾಟಾದವರು ನನ್ನ ಪರವಾಗಿ, “ಖರೇ ಐತ್ರಿ ಸಾಹುಕಾರ, ತೂಕ ಆಗೋದು ಕೆಳಗ, ಕಾಣೋದು ಡಬ್ಬಿದಾಗ” ಎಂದರು. ಮಾಮಾ ಅರ್ಧ ಒಪ್ಪಿದರು. ಹಾಗಿದ್ದರೆ ಇವತ್ತಿನ ತಾರೀಖು ಕೇಳು ಎಂದರು. ಕೇಳಿದೆ. ಒಳಗಿನ ಬ್ಯಾಟರಿ ಸತ್ತಿದ್ದರಿಂದ ಯಂತ್ರ ತನಗೆ ಗೊತ್ತಿದ್ದ ಮೊಟ್ಟಮೊದಲ ದಿನವನ್ನೇ ಹೇಳಿತು: ಸಾವಿರದ ಒಂಬೈನೂರ ಎಪ್ಪತ್ತನೆಯ ಇಸವಿ, ಜನವರಿ ಒಂದು.

“ಇನ್ನಾ ನಾನೇ ಹುಟ್ಟಿಲ್ಲ” ಎಂದು ಮಾಮಾ ಎದ್ದರು. ಹೊರಡುವಾಗ ಬಾಗಿಲಲ್ಲಿ ನಿಂತು, “ಇಲ್ಲೇ ಇಟ್ಕೋ ಅವ್ವಾ. ಇಲ್ಲಿ ಅದಕ್ಕ ಮಾತಾಡ್ಸೋರು ಅದಾರ” ಎಂದರು.

ಅಂದಿನಿಂದ ಕನ್ನಡಕದವನು ಹೊಸದನ್ನು ಕಳಿಸುತ್ತಾನೆ, ನಾನು ಭಾನುವಾರ ಹಾಕಿ ನೋಡಿ, ಏನೇನು ಕೆಟ್ಟಿತೆಂದು ಬರೆಯುತ್ತೇನೆ. ಪರೀಕ್ಷಿಸಿದವರು ಎಂಬ ಸಾಲಿನಲ್ಲಿ ಅವನು ನನ್ನ ಹೆಸರನ್ನೂ, ನನ್ನ ಒತ್ತಾಯಕ್ಕೆ ಕಾಟಾದವರ ಹೆಸರನ್ನೂ ಸೇರಿಸಿದ. ಅದನ್ನು ಫೋನಿನಲ್ಲಿ ತೋರಿಸಿದಾಗ ಅವರು ತಮ್ಮ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿ, ಒಂದು ಅಕ್ಷರ ಹೆಚ್ಚಾಗಿದೆ ಎಂದರು. ತಿದ್ದಿಸಿದೆ.

ಈ ಮಳೆಗಾಲದ ಕೊನೆಗೆ ಬಂದ ಆವೃತ್ತಿಯಲ್ಲಿ ಯಂತ್ರದ ಸ್ವಂತ ಪರದೆ ಮೊದಲ ಸಲ ಬೆಳಗಿತು. ಅಕ್ಷರಗಳೆಲ್ಲ ತಲೆಕೆಳಗಾಗಿದ್ದವು. ಒಂದು ವಾರ ಅವನೂ ನಾನೂ ಕಾರಣ ಹುಡುಕಿದೆವು, ಸಿಗಲಿಲ್ಲ. ಅತ್ತೆ ಟವಲ್ ತೆಗೆಯಲು ಬಂದವರು, ನಾನು ಕತ್ತು ಓರೆ ಮಾಡಿಕೊಂಡು ಓದುವುದನ್ನು ನೋಡಿ, “ಆ ಟಿವಿನೇ ತಿರುವಿ ಇಡಬಾರ್ದಾ?” ಎಂದರು. ಮಾನಿಟರನ್ನು ತಲೆಕೆಳಗು ಮಾಡಿ ಎರಡು ಇಟ್ಟಿಗೆಯ ನಡುವೆ ನಿಲ್ಲಿಸಿದೆ. ಚೆನ್ನಾಗಿ ಓದಲು ಬಂತು. ಅದನ್ನೂ ಬರೆದು ಕಳಿಸಿದೆ. ಕನ್ನಡಕದವನು ತನ್ನ ಮನೆಯಲ್ಲೂ ಹಾಗೇ ಮಾಡಿ ನೋಡಿದನಂತೆ. ಈಗ ಸೂಚನೆಯ ಕಡತದಲ್ಲಿ, ಪರದೆ ಎಂಬಲ್ಲಿ, ಹೀಗಿದೆ: ಇದೆ, ಇಟ್ಟಿಗೆ ಬೇಕು.