ಕಾಲರ್‌ನ ಕ್ಲಿಪ್ಪು

ಮಾದರಿ ವಿಮಾನ ಹಾರಿಸುವವರ ಗುಂಪಿನಲ್ಲಿ ಟೈಲರ್ ಮಾವನಂಥ ಸಿಡುಕ ಇನ್ನೊಬ್ಬನಿರಲಿಲ್ಲ. ಹಳೆಯ ರೇಡಿಯೊ ಕಂಟ್ರೋಲ್‌ಗಳ ಕಾಲದಲ್ಲಿ ಒಂದೇ ಚಾನೆಲ್‌ನ ಎರಡು ಕಂಟ್ರೋಲ್ ಪೆಟ್ಟಿಗೆ ಒಟ್ಟಿಗೆ ಆನ್ ಆದರೆ ಮೇಲಿದ್ದ ವಿಮಾನ ಕೆಳಗೆ ಬೀಳುತ್ತಿತ್ತು. ಅದಕ್ಕೇ ಮೈದಾನದ ಹಲಗೆಯಲ್ಲಿ ಚಾನೆಲ್‌ಗೊಂದು ಬಟ್ಟೆ ಕ್ಲಿಪ್ಪು; ಅದು ಯಾರ ಬಳಿ ಇದೆಯೋ ಅವರಷ್ಟೇ ಆ ಚಾನೆಲ್‌ನ ಪೆಟ್ಟಿಗೆ ಆನ್ ಮಾಡಬೇಕು. ಅದನ್ನು ಕಾಲರ್‌ಗೆ ಸಿಕ್ಕಿಸಿಕೊಳ್ಳದೆ ಮಾವ ಎಂದೂ ಪೆಟ್ಟಿಗೆ ಮುಟ್ಟಿದವನಲ್ಲ.

ಆ ಭಾನುವಾರ ಹಳೆಯ ಪೆಟ್ಟಿಗೆಗಳ ನೆನಪಿನ ಕೂಟವಿತ್ತು. "ಆಹಾ, ಆ ಕಾಲವೇ ಕಾಲ!" ಎಂದು ಪೆಟ್ಟಿಗೆಗಳನ್ನು ಮಗುವಿನ ತಲೆ ನೇವರಿಸುವಂತೆ ಸವರುವವರನ್ನು ನೋಡಿಯೇ ಮಾವನ ಮೈ ಉರಿಯಿತು. ರಿಬ್ಬನ್ ಸುತ್ತಿದ್ದ ಹಲಗೆಯಿಂದ ತನ್ನ ಕ್ಲಿಪ್ಪು ಹುಡುಕಿ ತೆಗೆದು, ಕಾಲರ್‌ಗೆ ಸಿಕ್ಕಿಸಿ, ವಿಮಾನ ಹಾರಿಸಿದ. ಅಷ್ಟರಲ್ಲಿ ಅವನ ಭಾವಮೈದುನ ಫೋಟೊ ತೆಗೆಸಿಕೊಳ್ಳಲು ಅದೇ ಚಾನೆಲ್‌ನ ತನ್ನ ಪೆಟ್ಟಿಗೆ ಆನ್ ಮಾಡಿದ. ವಿಮಾನ ಗಿರಗಿರನೆ ತಿರುಗಿ ನೆಲ ಕಚ್ಚಿತು.

"ಕ್ಲಿಪ್ಪು ತಗೊಳ್ದೆ ಯಾಕೋ ಆನ್ ಮಾಡ್ದೆ?" ಮಾವ ಗುಡುಗಿದ.

"ಅದು ಅಲಂಕಾರಕ್ಕಲ್ವಾ ಭಾವ? ಆಗಿನ ಥರಾನೇ ಬಿತ್ತು ನೋಡಿ, ಮೈ ಜುಮ್ ಅಂತು!"

ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಮಾವ ಮುರಿದ ರೆಕ್ಕೆಯನ್ನು ಕಂಕುಳಲ್ಲಿ ಇರುಕಿಕೊಂಡು, ಕಾಲರ್‌ನ ಕ್ಲಿಪ್ಪು ಕಿತ್ತು ಭಾವಮೈದುನನ ಮೂಗಿಗೆ ಸಿಕ್ಕಿಸಿದ.

"ಹೂಂ, ಈಗ ತೆಗೀರಿ ಫೋಟೊ."